ಗೋದಲಿಗೆ ಇನ್ನೂ ದೀಪವಿಲ್ಲ

(ಅಮೆರಿಕದ ಒಹಾಯೊ ರಾಜ್ಯ, ಸಿನ್ಸಿನಾಟಿ ಊರಾಚೆಯ ಒಂದು ಬಡಾವಣೆ. ನವೆಂಬರ್ ಕೊನೆಯ ಭಾನುವಾರ, ಮಧ್ಯಾಹ್ನ ನಾಲ್ಕರ ಮೇಲೆ. ಸೋದರಮಾವ ಮೈಸೂರಿನಿಂದ ಬಂದವರು, ವಿದ್ಯುತ್ ಮಂಡಳಿಯಲ್ಲಿ ದುಡಿದು ನಿವೃತ್ತರಾದವರು. ಅಳಿಯ ಇಲ್ಲೇ ನೆಲೆಸಿದವನು. ಇಬ್ಬರೂ ಮನೆಯ ಮುಂದೆ, ಏಣಿಯ ಬುಡದಲ್ಲಿ ನಿಂತಿದ್ದಾರೆ.)

ಮಾವ: ಎಲ್ಲಾ ಸೇರಿ ಎಷ್ಟು ದೀಪ ಅಂದೆ?

ಅಳಿಯ: ಎರಡು ಸಾವಿರ, ಮಾವ. ಸೂರಿನ ಅಂಚಿಗೇ ಅರ್ಧ ಹೋಯಿತು. ಮಿಕ್ಕಿದ್ದು ಕಿಟಕಿ, ಬಾಗಿಲು, ಆ ಎರಡು ಪೊದೆ, ಮೇಲೆ ತುದಿಯಲ್ಲಿ ನಕ್ಷತ್ರ.

ಮಾವ: ಒಂದೊಂದು ಎಷ್ಟು ಎಳೆಯುತ್ತೆ?

ಅಳಿಯ: ಐದು ವೋಲ್ಟಿನವು. ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಉರಿದರೆ 60 ಮಿಲಿ ಆಂಪಿಯರ್.

ಮಾವ: ಎರಡು ಸಾವಿರಕ್ಕೆ 120 ಆಂಪಿಯರ್ ಆಯ್ತು. ಲೋ, 120 ಆಂಪಿಯರನ್ನ ಈ ನೂಲಿನಂಥ ತಂತೀಲಿ ಕಳಿಸ್ತೀಯಾ? ಮನೆ ಸುಟ್ಟುಕೊಳ್ಳೋಕೆ ಇಷ್ಟು ದೂರ ಬರಬೇಕಿತ್ತಾ?

ಅಳಿಯ: ಒಂದೇ ತಂತೀಲಿ ಅಲ್ಲ ಮಾವ. ಮೂರು ಪವರ್ ಸಪ್ಲೈ ಡಬ್ಬಿ ಇಟ್ಟಿದ್ದೀನಿ. ಐವತ್ತು ದೀಪಕ್ಕೊಮ್ಮೆ ಪಕ್ಕದಿಂದ ದಪ್ಪ ತಂತಿ ತಂದು ಸೇರಿಸಿದ್ದೀನಿ, ಎಲ್ಲದಕ್ಕೂ ಫ್ಯೂಸ್ ಇದೆ. ಅಲ್ಲದೆ ಪೂರ್ತಿ ಬೆಳಕಿಗೆ ಏರಿಸೋದೇ ಇಲ್ಲ, ನೂರಕ್ಕೆ ಮೂವತ್ತು ಸಾಕು. ಅದಕ್ಕಿಂತ ಮೇಲೆ ಹೋದರೆ ಎದುರುಮನೆಯವರು ಪರದೆ ಎಳೆದುಕೊಂಡು ಮಲಗಬೇಕಾಗುತ್ತೆ. ಗೋಡೆಯ ಪ್ಲಗ್ಗಿನಿಂದ ಎಳೆಯೋದು ಇನ್ನೂರು ವಾಟ್ ಸುತ್ತಮುತ್ತ. ಸಂಜೆ ಐದು ಗಂಟೆ ಉರಿಸಿದರೆ ದಿನಕ್ಕೆ ಒಂದು ಯೂನಿಟ್.

ಮಾವ: ಒಂದೇ ಯೂನಿಟ್ಟಾ! ಹಾಗಾದರೆ ಆ ಮೂಲೆಮನೆಯವರದು?

ಅಳಿಯ: ಅವರದು ಹಳೇ ಗಾಜಿನ ಬಲ್ಬು, ಒಂದೊಂದು ಏಳು ವಾಟಿನದು. ಮುನ್ನೂರು ಕಟ್ಟಿದ್ದಾರೆ ಅಂತಿಟ್ಟುಕೊಂಡರೂ 2,100 ವಾಟ್. ಇಲ್ಲಿ 120 ವೋಲ್ಟು, ಒಂದು ಸರ್ಕ್ಯೂಟು 15 ಆಂಪಿಯರಿನದು. ಅಂದರೆ ಮೇಲುಮಿತಿ 1,800 ವಾಟ್, ಗಂಟೆಗಟ್ಟಲೆ ಉರಿಯೋದಾದರೆ 1,440ಕ್ಕೇ ನಿಲ್ಲಿಸಬೇಕು. ಎರಡು ಸರ್ಕ್ಯೂಟಿಂದ ಎಳೆದಿರ್ತಾರೆ. ಆದರೂ ಆ ಬಲ್ಬಿನ ಬೆಚ್ಚನೆ ಬಣ್ಣ ನನ್ನ ದೀಪಗಳಿಗೆ ಬರಲ್ಲ.

ಮಾವ: ಬಣ್ಣದ ಮಾತು ಆಮೇಲೆ. ಇದರಲ್ಲಿ ಒಂದು ಕೆಟ್ಟರೆ ಏನು ಗತಿ?

ಅಳಿಯ: ಪ್ರತಿ ದೀಪದೊಳಗೂ ಒಂದು ಚಿಪ್ ಇದೆ. ಕಂಟ್ರೋಲರ್ ಕಳಿಸಿದ ಸಂದೇಶದಲ್ಲಿ ಮೊದಲನೆಯದು ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನ ಮುಂದಕ್ಕೆ ದಾಟಿಸುತ್ತೆ. ಎರಡನೆಯದು ತನ್ನ ಪಾಲು ಇಟ್ಟುಕೊಂಡು ಮೂರನೆಯದಕ್ಕೆ ಕೊಡುತ್ತೆ. ಹೀಗೆ ಕೊನೆಯವರೆಗೆ. ನಡುವೆ ಒಂದು ಚಿಪ್ ಸತ್ತರೆ...

ಮಾವ: ಸತ್ತರೆ?

ಅಳಿಯ: ಅದರಾಚೆಯವಕ್ಕೆ ಸಂದೇಶ ಹೋಗಲ್ಲ.

ಮಾವ: ಅಂದರೆ ಇಷ್ಟು ಡಾಲರ್ ಸುರಿದು ಕೊನೆಗೂ ಸೀರಿಯಲ್ ಸೆಟ್ಟನ್ನೇ ತಂದೆ ಅನ್ನು! ನಮ್ಮ ಮನೇಲೂ ಇದೇ ಪಾಡು ಕಣೋ. ಆರು ವೋಲ್ಟಿನ ಮೂವತ್ತೆಂಟು ಬಲ್ಬು ಸಾಲಾಗಿ ಬೆಸೆದರೆ 230ಕ್ಕೆ ಸರಿಹೋಗೋದು. ಒಂದು ಹೋದರೆ ಇಡೀ ಸರ ಹೋಯಿತು. ಒಳ್ಳೆ ಬಲ್ಬೊಂದನ್ನ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಹೋಲ್ಡರಿಗೆ ಹಾಕಿ ನೋಡ್ತಾ ಕೂರೋದು. ಯಾವುದಕ್ಕೆ ಹಾಕಿದಾಗ ಪಕ್ಕನೆ ಹತ್ತಿತೋ ಅದೇ ಕಳ್ಳ. ನಿಮ್ಮಮ್ಮ ಆಗ ಪುಟ್ಟ ಹುಡುಗಿ. ಹತ್ತಿದ ಕೂಡಲೇ ಕೂಗೋಳು, ಬೀದಿಗೆಲ್ಲಾ ಕೇಳೋದು.

ಅಳಿಯ: ಇಲ್ಲಿಯ ಸಣ್ಣ ಬಲ್ಬಿನ ಸರದಲ್ಲಿ ಅದಕ್ಕೊಂದು ಉಪಾಯ ಮಾಡಿದ್ದಾರೆ. ಫಿಲಮೆಂಟಿನ ಬುಡದಲ್ಲಿ ಲೇಪ ಹಚ್ಚಿದ ಸಣ್ಣ ತಂತಿಯೊಂದನ್ನ ಸುತ್ತಿರ್ತಾರೆ. ಫಿಲಮೆಂಟು ಹೋದಾಗ ಆ ಲೇಪ ಸುಟ್ಟು ಕರೆಂಟಿಗೆ ದಾರಿ ಬಿಡುತ್ತೆ. ಆ ಒಂದು ಬಲ್ಬು ಮಾತ್ರ ಕಪ್ಪು, ಮಿಕ್ಕವು ಉರೀತಾನೇ ಇರ್ತವೆ.

ಮಾವ: ಜಾಣತನವೇನೋ ಸರಿ. ಆದರೆ ಅದರ ಪಾಲಿನ ವೋಲ್ಟೇಜ್ ಉಳಿದವುಗಳ ತಲೆ ಮೇಲೆ ಬೀಳುತ್ತೆ. ನಾಲ್ಕೈದು ಹೋಗಲಿ, ಆಮೇಲೆ ನೋಡು, ಒಂದರ ಹಿಂದೆ ಒಂದು ಸಾಲಾಗಿ ಹೋಗ್ತವೆ. ಈ ಹುಚ್ಚು ಶುರು ಮಾಡಿದ್ದು ಯಾರಪ್ಪ, ಎಡಿಸನ್ನೇ?

ಅಳಿಯ: ಅವನ ಜೊತೆಗಾರ, ಎಡ್ವರ್ಡ್ ಜಾನ್ಸನ್. 1882ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ತನ್ನ ಮನೆಯ ಪಡಸಾಲೆಯಲ್ಲಿ ಕ್ರಿಸ್‌ಮಸ್ ಮರಕ್ಕೆ 80 ಬಲ್ಬು ಕಟ್ಟಿಸಿದ. ಕೆಂಪು, ಬಿಳಿ, ನೀಲಿ. ಮರ ತಿರುಗೋ ಹಾಗೆ ಮಾಡಿದ್ದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪರ್ಲ್ ಸ್ಟ್ರೀಟಿನ ಎಡಿಸನ್ ವಿದ್ಯುತ್ ಕೇಂದ್ರ ಶುರುವಾಗಿತ್ತು. ಬಲ್ಬು ಕೊಳ್ಳೋರು ಬೇಕಲ್ಲ! ನ್ಯೂಯಾರ್ಕಿನ ಪತ್ರಿಕೆಯವರು ಇದು ಜಾಹೀರಾತು ಅಂತ ಮೂಗು ಮುರಿದರಂತೆ. ಡೆಟ್ರಾಯಿಟಿನ ಪತ್ರಿಕೆಯವನೊಬ್ಬ ಬೆರಗಾಗಿ ಬರೆದದ್ದರಿಂದ ವಿಷಯ ಹೊರಗೆ ಬಂತು.

ಮಾವ: 1882! ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅದಕ್ಕೂ ಇಪ್ಪತ್ತು ಚಿಲ್ಲರೆ ವರ್ಷ ಮೊದಲೇ ಇವನ ಮನೆಯಲ್ಲಿ ಮರ ಗಿರಗಿರ ತಿರುಗಿದೆ. ಆದರೆ ಒಂದು ಗಮನಿಸು. ಅವನ ಮರ ಪಡಸಾಲೆಯಲ್ಲಿತ್ತು. ಮನೆಗೆ ಬಂದವರಿಗೆ, ಮನೆಯವರಿಗೆ. ನೀನು ಕಟ್ಟಿರೋದು ಬೀದಿಯವರಿಗೆ. ಒಳಗೆ ಸೋಫಾ ಮೇಲೆ ಕೂತರೆ ಇದರಲ್ಲಿ ಒಂದಾದರೂ ಕಾಣುತ್ತಾ?

ಅಳಿಯ: ಒಂದೂ ಕಾಣಲ್ಲ. ಕಿಟಕಿ ಗಾಜಿನ ಮೇಲೆ ಬಣ್ಣ ಬೀಳುತ್ತೆ, ಅಷ್ಟೆ. ನೋಡಬೇಕು ಅಂದರೆ ನಾವೂ ಕೋಟು ಹಾಕಿಕೊಂಡು ರಸ್ತೆ ದಾಟಿ ನಿಲ್ಲಬೇಕು.

ಮಾವ: ಅದೇ ನನಗೆ ಹಿಡಿಸಿದ್ದು. ಸರಿ, ಇವತ್ತೇ ಯಾಕೆ ಹಚ್ಚೋದು?

ಅಳಿಯ: ಥ್ಯಾಂಕ್ಸ್‌ಗಿವಿಂಗ್ ಆದ ವಾರಾಂತ್ಯಕ್ಕೆ ಇಲ್ಲಿ ಬಹಳ ಮಂದಿ ಹಚ್ತಾರೆ. ಮೂರು ದಿನ ರಜೆ ಸಿಗುತ್ತೆ, ಹಿಮ ಬೀಳೋಕೆ ಮೊದಲು ಏಣಿ ಹತ್ತಬಹುದು. ಐದೂಕಾಲಕ್ಕೆ ಸೂರ್ಯ ಮುಳುಗ್ತಾನೆ. ಐದೂವರೆಗೆ ಅಕ್ಕಪಕ್ಕದವರು ಬರ್ತಾರೆ ಅಂತ ಹೇಳಿ ಆಗಿದೆ.

ಮಾವ: ಬೆಳಿಗ್ಗೆ ಪೂಜೆಗೆ ಹೋಗಿದ್ವಲ್ಲ, ಫಾದರ್ ಯಾವ ಬಣ್ಣದ ಉಡುಪು ಹಾಕಿದ್ದರು?

ಅಳಿಯ: ನೇರಳೆ. ಎಲ್ಲಿಗೆ ಬರ್ತೀರಿ ಅಂತ ಗೊತ್ತಾಯ್ತು.

ಮಾವ: ಗ್ಲೋರಿಯಾ ಹಾಡಿದರಾ? ಇಲ್ಲ. ಪೀಠದ ಪಕ್ಕದ ಹಸಿರು ಸೊಪ್ಪಿನ ಬಳೆಯಲ್ಲಿ ನಾಲ್ಕು ಮೇಣದಬತ್ತಿ ಇದ್ದವು, ಹಚ್ಚಿದ್ದು ಎಷ್ಟು? ಒಂದು. ಇವತ್ತು ಆಗಮನ ಕಾಲದ ಮೊದಲ ಭಾನುವಾರ, ಕಾಯೋದಕ್ಕೆ ಶುರು ಮಾಡೋ ದಿನ. ಕೂಸು ಇನ್ನೂ ಹುಟ್ಟಿಲ್ಲ, ನೀನು ಎರಡು ಸಾವಿರ ದೀಪ ಹಚ್ಚಿ ಊರಿಗೆ ಕಜ್ಜಾಯ ಹಂಚೋಕೆ ಹೊರಟಿದ್ದೀಯ. ಹಬ್ಬ ಶುರುವಾಗೋದು 25ಕ್ಕೆ, ಜನವರಿಯ ಮೂರು ರಾಯರ ಹಬ್ಬದವರೆಗೆ ನಡೆಯೋದು. ಇಲ್ಲಿ? ಹೋದ ಸಲ ಬಂದಾಗ ನೋಡಿದೆನಲ್ಲ, 26ನೇ ತಾರೀಕು ಬೆಳಿಗ್ಗೆ ಕೆಳಗಿನ ಬೀದಿಯಲ್ಲಿ ಮರ ತಂದು ಕಸದ ಡಬ್ಬಿ ಪಕ್ಕ ಒರಗಿಸಿದ್ದರು. ಹಬ್ಬದ ಎರಡನೇ ದಿನ!

ಅಳಿಯ: ಕಾಯೋದರಲ್ಲೂ ದೀಪ ಇದೆ ಮಾವ. ಆ ಬಳೆ ಎಲ್ಲಿಂದ ಬಂತು ಹೇಳಿ? ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖೆರ್ನ್ ಅಂತ ಒಬ್ಬ ಲೂಥರನ್ ಪಾದ್ರಿ ಬಡಮಕ್ಕಳ ಆಶ್ರಮ ನಡೆಸ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪ್ರಾಣ ತಿನ್ನೋರು. 1839ರಲ್ಲಿ ಅವರು ಒಂದು ಗಾಡಿ ಚಕ್ರ ತಂದು ಅದರ ಮೇಲೆ ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಮಿಕ್ಕ ದಿನಗಳಿಗೆ ಸಣ್ಣ ಕೆಂಪು ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಹಚ್ಚೋದು, ಎಣಿಸೋದು. ನಮ್ಮ ಕಥೋಲಿಕ ಪೀಠದ ಪಕ್ಕಕ್ಕೆ ಅದು ಬಂದು ಸೇರಿದ್ದು ಬಹಳ ತಡವಾಗಿ.

ಮಾವ: ನೀನು ಹೇಳ್ತಿರೋದು ನನ್ನ ಪರವಾಗೇ ಇದೆ. ದಿನಕ್ಕೊಂದು! ಒಂದೇ ಏಟಿಗೆ ಎರಡು ಸಾವಿರ ಅಲ್ಲ.

ಅಳಿಯ: ಆಯ್ತು, ನಿಮ್ಮನ್ನೇ ಕೇಳ್ತೀನಿ. ಮೈಸೂರಿನ ಮನೇಲಿ ಬಾಗಿಲ ಮುಂದೆ ನಕ್ಷತ್ರ ಯಾವಾಗ ಕಟ್ತಿದ್ದಿರಿ? ಅಮ್ಮ ಹೇಳಿದ್ದು ನೆನಪಿದೆ, ಡಿಸೆಂಬರ್ ಒಂದಕ್ಕೆ.

ಮಾವ: ನಕ್ಷತ್ರದ ಮಾತೇ ಬೇರೆ. ಅದು ದಾರಿ ತೋರಿಸೋಕೆ ಇರೋದು. ಕೂಸನ್ನ ನೋಡೋಕೆ ಮೂರು ರಾಯರು ಹೊರಡಬೇಕಲ್ಲ, ಹಬ್ಬದ ದಿನ ಹಚ್ಚಿದರೆ ಅವರು ಬಂದು ಸೇರೋದು ಯಾವಾಗ? ಬಿದಿರು ಸೀಳಿ, ಗಾಳಿಪಟದ ಕಾಗದ ಅಂಟಿಸಿ, ಒಳಗೊಂದು ಜೀರೋ ಬಲ್ಬು ಇಳಿಬಿಡೋದು. ಹೆಸರಿಗೆ ಜೀರೋ. ಹದಿನೈದು ವಾಟ್ ತಿನ್ನೋದು ಅಂತ ನಮಗೆ, ಇಲಾಖೆಯವರಿಗೆ, ಗೊತ್ತು. ಮೀಟರಿಗೆ ಗೊತ್ತಾಗಲ್ಲ ಅಂತ ಜನ ನಂಬಿದ್ದರು.

ಅಳಿಯ: ಹಾಗಾದರೆ ಮೊದಲು ಹಚ್ಚಬಾರದು ಅನ್ನೋ ನಿಯಮಕ್ಕೆ ನಕ್ಷತ್ರದ ವಿನಾಯಿತಿ ಇದೆ ಅಂತಾಯ್ತು. ಈ ದೇಶದಲ್ಲೂ ಮೊದಲು ನಿಮ್ಮ ಲೆಕ್ಕವೇ ಇತ್ತು. 1923ರಲ್ಲಿ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಕೂಲಿಜ್ ಮೊದಲ ರಾಷ್ಟ್ರೀಯ ಕ್ರಿಸ್‌ಮಸ್ ಮರಕ್ಕೆ ದೀಪ ಹಚ್ಚಿದ್ದು ಡಿಸೆಂಬರ್ 24ರ ಸಂಜೆ. ವರ್ಮಾಂಟಿನಿಂದ ತಂದ 48 ಅಡಿ ಮರ, 2,500 ಬಲ್ಬು. 1954ರಿಂದ ಅದನ್ನ ಹಬ್ಬಕ್ಕೆ ಮೊದಲೇ ಹಚ್ಚೋಕೆ ಶುರು ಮಾಡಿದರು. ಅಂಗಡಿ ಬೀದಿಗಳಂತೂ ಇನ್ನೂ ಅವಸರದವು.

ಮಾವ: ಬಲ್ಬು ಮಾರೋರ ಕೈ ಇರಬೇಕಲ್ಲ ಅದರಲ್ಲೂ?

ಅಳಿಯ: ಇತ್ತು. ಹೊರಾಂಗಣದ ವಿದ್ಯುತ್ ದೀಪ ಜನಪ್ರಿಯ ಆಗಲಿ ಅಂತ ವಿದ್ಯುತ್ ಉದ್ಯಮದವರ ಸಂಘವೇ ಆ ಮರದ ಹಿಂದೆ ನಿಂತಿತ್ತು. ಜಾನ್ಸನ್ ಕಾಲದಿಂದಲೂ ಅದೇ ಕತೆ.

ಮಾವ: ಇರಲಿ ಬಿಡು, ನನ್ನ ಪಿಂಚಣಿಯೂ ಕರೆಂಟು ಮಾರಿದ್ದರಿಂದಲೇ ಬಂದದ್ದು. ಆ ಪಾಪವನ್ನ ನಾನು ಎತ್ತಿ ಆಡಬಾರದು. ನನಗೆ ಅರ್ಥವಾಗದ್ದು ಇನ್ನೊಂದು. ನಮ್ಮೂರಲ್ಲಿ ದೀಪಾಲಂಕಾರ ಅಂದರೆ ಜಾತ್ರೆ, ದಸರಾ, ಚರ್ಚಿನ ಹಬ್ಬ. ಅರಮನೆಗೆ ಒಂದು ಲಕ್ಷದ ಹತ್ತಿರ ಬಲ್ಬು, ಅದನ್ನ ನೋಡಿಕೊಳ್ಳೋಕೆ ಸರ್ಕಾರ ಇದೆ. ಜಾತ್ರೆಗೆ ಸಮಿತಿ ಇದೆ, ಚಂದಾ ಎತ್ತುತ್ತೆ, ರಸೀದಿ ಕೊಡುತ್ತೆ, ದುಡ್ಡು ತಿಂದ ಅಂತ ಒಬ್ಬರ ಮೇಲೊಬ್ಬರು ಹೇಳ್ತಾರೆ. ಇಲ್ಲಿ ಒಂದೇ ಸಂಸಾರ ತನ್ನ ಕೈಯಿಂದ ಖರ್ಚು ಮಾಡಿ, ಏಣಿ ಹತ್ತಿ ಕಟ್ಟಿ, ಗುರುತಿಲ್ಲದವರು ಕಾರಲ್ಲಿ ಬಂದು ನೋಡಿಕೊಂಡು ಹೋಗಲಿ ಅಂತ ಬಿಡುತ್ತೆ. ಒಬ್ಬನೇ ಜಾತ್ರೆ ನಡೆಸೋದು ಅಂದರೆ ಅದು ಔದಾರ್ಯವೋ, ಜಂಬವೋ?

ಅಳಿಯ: ಎರಡೂ ಇದ್ದೀತು. ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಜೆನ್ನಿಂಗ್ಸ್ ಆಸ್ಬರ್ನ್ ಅಂತ ಒಬ್ಬರಿದ್ದರು. 1986ರಲ್ಲಿ ಪುಟ್ಟ ಮಗಳು ಕೇಳಿದಳು ಅಂತ ಒಂದು ಸಾವಿರ ದೀಪದಿಂದ ಶುರು ಮಾಡಿದರು. ಏರ್ತಾ ಏರ್ತಾ ಮೂವತ್ತು ಲಕ್ಷಕ್ಕೆ ಹೋಯಿತು. ಅಕ್ಕಪಕ್ಕದ ಎರಡು ಮನೆ ಕೊಂಡು ಅವಕ್ಕೂ ಕಟ್ಟಿದರು.

ಮಾವ: ಮೂವತ್ತು ಲಕ್ಷ! ಟ್ರಾನ್ಸ್‌ಫಾರ್ಮರ್ ಕತೆ ಏನಾಗಿರಬೇಡ.

ಅಳಿಯ: ಟ್ರಾನ್ಸ್‌ಫಾರ್ಮರಿಗಿಂತ ಮೊದಲು ನೆರೆಯವರು ಸುಟ್ಟುಹೋದರು. ರಾತ್ರಿಯೆಲ್ಲಾ ಕಾರು, ಮನೆಗೆ ಹೋಗೋಕೆ ದಾರಿ ಇಲ್ಲ. ಕೋರ್ಟಿಗೆ ಹೋದರು, ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೀಪ ನಿಲ್ಲಿಸೋ ತೀರ್ಪಾಯಿತು. ಕೊನೆಗೆ 1995ರಲ್ಲಿ ಫ್ಲಾರಿಡಾದ ಡಿಸ್ನಿಯವರು ಆ ದೀಪಗಳನ್ನ ತಮ್ಮ ಪಾರ್ಕಿಗೆ ಕರೆಸಿಕೊಂಡರು. 2016ರ ಜನವರಿವರೆಗೆ ಹಬ್ಬದ ಹೊತ್ತಿಗೆ ಅಲ್ಲಿ ಉರಿದವು.

ಮಾವ: ಟಿಕೆಟ್ ಕೊಟ್ಟು ಒಳಗೆ ಬಂದವರಿಗೆ. ಮಗಳು ಕೇಳಿದ್ದು ಎಲ್ಲಿಗೆ ಹೋಗಿ ನಿಂತಿತು ನೋಡು.

ಅಳಿಯ: ಇಲ್ಲೇ ಹತ್ತಿರದ ಇನ್ನೊಂದು ಹೇಳ್ತೀನಿ. ಮೇಸನ್ ಅಂತ ಊರಿದೆಯಲ್ಲ, ಮೊನ್ನೆ ತರಕಾರಿಗೆ ಹೋಗ್ತಾ ದಾಟಿದೆವು. ಅಲ್ಲಿ ಕಾರ್ಸನ್ ವಿಲಿಯಮ್ಸ್ ಅನ್ನೋ ಎಂಜಿನಿಯರ್ 2004ರಲ್ಲಿ ಮನೆಗೆ 16,000 ದೀಪ ಕಟ್ಟಿ, ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾದ ಒಂದು ಸಂಗೀತಕ್ಕೆ ತಕ್ಕ ಹಾಗೆ ಕುಣಿಸಿದರು. ಮರುವರ್ಷ ಅದರ ವೀಡಿಯೊ ಜಗತ್ತೆಲ್ಲ ಓಡಾಡಿತು. ಇವತ್ತು ದೀಪವನ್ನ ಹಾಡಿಗೆ ಜೋಡಿಸೋರಲ್ಲಿ ಎಷ್ಟೋ ಮಂದಿ ಆ ವೀಡಿಯೊ ನೋಡಿ ಕೆಟ್ಟವರೇ. ನಾನೂ ಅದರಲ್ಲಿ ಒಬ್ಬ.

ಮಾವ: ಎಂಜಿನಿಯರ್ ಯಾವ ವಿಭಾಗ?

ಅಳಿಯ: ಎಲೆಕ್ಟ್ರಿಕಲ್ಲೇ.

ಮಾವ: ಹಾಗನ್ನು. ಅವನಿಗೂ ಕೋರ್ಟಾಯ್ತಾ?

ಅಳಿಯ: ಇಲ್ಲ. ನೋಡೋಕೆ ಬಂದ ಕಾರುಗಳ ಸಾಲಿನಲ್ಲಿ ಒಂದು ಅಪಘಾತ ಆಯಿತು, ದಟ್ಟಣೆಯಲ್ಲಿ ಪೊಲೀಸರಿಗೆ ಅಲ್ಲಿಗೆ ತಲುಪೋದೇ ಕಷ್ಟವಾಯಿತು. 2005ರ ಡಿಸೆಂಬರಿನಲ್ಲಿ, ಹಬ್ಬಕ್ಕೆ ಮೊದಲೇ, ತಾವಾಗಿಯೇ ನಿಲ್ಲಿಸಿಬಿಟ್ಟರು. ಅವರನ್ನ ನಾನು ಮೆಚ್ಚೋದು ಇದಕ್ಕೆ. ಇನ್ನೊಂದು ವಿಷಯಕ್ಕೂ ಮೆಚ್ಚಬೇಕು. ಹಾಡನ್ನ ಅವರು ಧ್ವನಿವರ್ಧಕದಲ್ಲಿ ಹಾಕಲಿಲ್ಲ. ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟರು. ಕಾರಿನ ರೇಡಿಯೋ ತಿರುಗಿಸಿದವರಿಗೆ ಕೇಳುತ್ತೆ, ಪಕ್ಕದ ಮನೆಯಲ್ಲಿ ಮಲಗಿದವರಿಗೆ ಕೇಳಲ್ಲ.

ಮಾವ: ನಮ್ಮ ಗಣೇಶನ ಪೆಂಡಾಲಿನವರಿಗೂ ನಮ್ಮ ಚರ್ಚಿನ ಹಬ್ಬದವರಿಗೂ ಇದನ್ನ ಹೇಳಿಕೊಡಬೇಕು. ನೀನೂ ಹಾಗೇ ಮಾಡಿದ್ದೀಯಾ?

ಅಳಿಯ: ಮಾಡಿದ್ದೀನಿ. ಲೈಸೆನ್ಸ್ ಇಲ್ಲದೆ ಬಿಡಬಹುದಾದ ಶಕ್ತಿ ಬಹಳ ಕಡಿಮೆ, ಇನ್ನೂರು ಅಡಿ ದಾಟಲ್ಲ. ಈ ಬೀದಿಗೆ ಸಾಕು.

ಮಾವ: ಹಾಡು ಯಾವುದು? ಆ ಸೈಬೀರಿಯಾದವರದೇ?

ಅಳಿಯ: ಎರಡು ಇಂಗ್ಲಿಷಿನವು ಇವೆ, ಮಕ್ಕಳಿಗೆ. ಮೂರನೆಯದು ನೀವು ಹೋದ ವರ್ಷ ಫೋನಿನಲ್ಲಿ ಹಿಡಿದು ಕಳಿಸಿದಿರಲ್ಲ, ನಿಮ್ಮ ಕ್ವೈರ್‌ನವರ ಕನ್ನಡ ಹಾಡು.

ಮಾವ: ಅಯ್ಯೋ, ಅದರಲ್ಲಿ ಹಿಂದೆ ಯಾರೋ ಕೆಮ್ಮಿದ್ದಾರಲ್ಲೋ!

ಅಳಿಯ: ಕೆಮ್ಮಿದ್ದು ನೀವೇ. ಅದಕ್ಕೆ ಒಂದು ಸಲ ಕೆಂಪು ಮಿನುಗಿಸಿದ್ದೀನಿ. ಕಷ್ಟವಾಗಿದ್ದು ತಬಲದವನಿಂದ. ಈ ಎಕ್ಸ್‌ಲೈಟ್ಸ್ ಅನ್ನೋ ತಂತ್ರಾಂಶ ಹಾಡಿನ ಬಡಿತವನ್ನ ತಾನೇ ಗುರುತಿಸಿ ಗೆರೆ ಹಾಕಿಕೊಡುತ್ತೆ. ಇಂಗ್ಲಿಷ್ ಹಾಡಿಗೆ ಗಡಿಯಾರದ ಹಾಗೆ ಹಾಕಿಕೊಟ್ಟಿತು. ನಿಮ್ಮ ತಬಲದವರು ಪಲ್ಲವಿಯಲ್ಲಿ ನಿಧಾನ, ಚರಣಕ್ಕೆ ಬಂದರೆ ಬಸ್ಸು ಹಿಡಿಯೋರ ಅವಸರ. ತಂತ್ರಾಂಶ ಕೈ ಚೆಲ್ಲಿತು. ಕೊನೆಗೆ ಹಾಡು ಕೇಳ್ತಾ ಕೇಳ್ತಾ ಒಂದೊಂದು ಏಟಿಗೂ ನಾನೇ ಗುಂಡಿ ಒತ್ತಿ ಗುರುತು ಹಾಕಿದೆ. ಸೆಕೆಂಡಿಗೆ ನಲವತ್ತು ಚೌಕಟ್ಟು. ಯಾವ ಚೌಕಟ್ಟಿನಲ್ಲಿ ಯಾವ ದೀಪಕ್ಕೆ ಯಾವ ಬಣ್ಣ ಅಂತ ಮೊದಲೇ ಬರೆದಿಡಬೇಕು. ನಾಲ್ಕು ನಿಮಿಷದ ಹಾಡು ಅಂದರೆ 9,600 ಚೌಕಟ್ಟು. ಎಲ್ಲಾ ಕೈಯಲ್ಲೇ ಬರೆಯೋದಲ್ಲ, ನಡುವಿನದನ್ನ ಅದೇ ತುಂಬುತ್ತೆ. ಆದರೂ ಬೇಸಿಗೆ ಪೂರ್ತಿ ಹೋಯಿತು.

ಮಾವ: ಬೇಸಿಗೆಯಲ್ಲೇ ಶುರುವಾ? ಅಂದರೆ ನೀನು ಕಾದಿಲ್ಲ ಅಂತ ನಾನು ಬೈದದ್ದು ತಪ್ಪಾಯ್ತು ಅನ್ನು. ಆರು ತಿಂಗಳು ಕಾದಿದ್ದೀಯ.

ಅಳಿಯ: ಒಪ್ಪಿದ್ದೀರಿ ಅಂತಾಯ್ತು. ಹಚ್ಚೋಣ್ವಾ?

ಮಾವ: ತಡಿ. ಒಪ್ಪಿದ್ದು ನಿನ್ನ ಕೆಲಸಕ್ಕೆ, ತಾರೀಕಿಗಲ್ಲ. ಹೀಗೆ ಮಾಡು. ಇವತ್ತು ನಕ್ಷತ್ರ ಒಂದೇ. ಮುಂದಿನ ಭಾನುವಾರ ಕಿಟಕಿಗಳು. ಅದರ ಮುಂದಿನದಕ್ಕೆ ಸೂರು. 24ಕ್ಕೆ ಹಾಡು, ಕುಣಿತ ಎಲ್ಲಾ. ಕಂಪ್ಯೂಟರಿನಲ್ಲಿ ಆಗಲ್ಲವಾ?

ಅಳಿಯ: ಎರಡು ನಿಮಿಷದ ಕೆಲಸ. ಆದರೆ ಮಾವ, ನಕ್ಷತ್ರ ಒಂದನ್ನೇ ಹಚ್ಚಿದರೆ ಈ ದೇಶದಲ್ಲಿ ವಯಸ್ಸಾದವರಿಗೆ ಬೇರೆಯದೇ ನೆನಪಾಗಬಹುದು. 1979ರಲ್ಲಿ ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಾಳಾಗಿದ್ದರು. ವಾಷಿಂಗ್ಟನ್ನಿನ ದೊಡ್ಡ ಮರಕ್ಕೆ ದೀಪ ಹಚ್ಚೋ ಸಂಜೆ ಸಾವಿರಾರು ಜನ ಕಾದಿದ್ದಾರೆ. ಅಧ್ಯಕ್ಷ ಕಾರ್ಟರರ ಮಗಳು ಗುಂಡಿ ಒತ್ತಿದಳು. ಮರದಲ್ಲಿ ತುದಿಯ ನಕ್ಷತ್ರ ಮಾತ್ರ ಹತ್ತಿತು. ಜನ ಏನೋ ಕೆಟ್ಟಿದೆ ಅಂದುಕೊಂಡರು. ಒತ್ತೆಯಾಳುಗಳು ಬರೋವರೆಗೆ ಮಿಕ್ಕ ದೀಪ ಹಚ್ಚಲ್ಲ ಅಂತ ಕಾರ್ಟರ್ ಆಗ ಹೇಳಿದರು.

ಮಾವ: ಬಂದರಾ?

ಅಳಿಯ: ಮರುವರ್ಷದ ಕ್ರಿಸ್‌ಮಸ್ಸಿಗೂ ಬರಲಿಲ್ಲ. 1980ರಲ್ಲಿ ಮರವನ್ನ ಪೂರ್ತಿ ಹಚ್ಚಿದ್ದು 417 ಸೆಕೆಂಡು, ಸೆರೆಯಲ್ಲಿದ್ದ ದಿನಕ್ಕೊಂದರಂತೆ. ಆಮೇಲೆ ಮತ್ತೆ ಆರಿಸಿದರು. ಬಿಡುಗಡೆ ಆದದ್ದು 1981ರ ಜನವರಿ 20ಕ್ಕೆ. ಹಬ್ಬದ ಅಲಂಕಾರ ಅಷ್ಟುಹೊತ್ತಿಗೆ ಮುಗಿದಿತ್ತು, ಮತ್ತೆ ಕಟ್ಟಿಸಿ ಹಚ್ಚಿದರು.

ಮಾವ: ಜನವರಿ 20ಕ್ಕೆ ಕ್ರಿಸ್‌ಮಸ್ ಮರ! ಆ ದೀಪ ಸರಿಯಾದ ದಿನವೇ ಹತ್ತಿತು ಅಂತೀನಿ ನಾನು. ಪಂಚಾಂಗ ನೋಡದೆ.

ಅಳಿಯ: ಅದು ದೇಶದ ಮರ, ಹಾಗೆ ಮಾಡಬಹುದಿತ್ತು. ಇಲ್ಲಿ ಐದೂವರೆಗೆ ಹತ್ತು ಹನ್ನೆರಡು ಮಕ್ಕಳು ಥರಗುಟ್ಟೋ ಚಳೀಲಿ ಬಂದು ನಿಲ್ತಾರೆ. ಅವರ ಮುಂದೆ ಒಂದೇ ನಕ್ಷತ್ರ ಹಚ್ಚಿ, ಮುಂದಿನ ವಾರ ಬನ್ನಿ ಅನ್ನಲಾ? ನೀವೇ ಹೇಳಿ. ಅತ್ತೆ ಬೆಳಿಗ್ಗೆಯಿಂದ ಕಜ್ಜಾಯ ಕರೀತಿದ್ದಾರೆ, ರೋಸ್ ಕುಕ್ಕಿ ಬೇರೆ.

ಮಾವ: ಮಕ್ಕಳನ್ನ ಮುಂದೆ ತಂದು ನಿಲ್ಲಿಸ್ತೀಯ, ನಾನು ಏನು ಹೇಳಲಿ? ಆ ಹ್ಯಾಂಬರ್ಗಿನ ಪಾದ್ರಿಯೂ ಸೋತದ್ದು ಮಕ್ಕಳಿಗೇ. ಆದರೆ ಎಲ್ಲವನ್ನೂ ಇವತ್ತೇ ಹಚ್ಚಿದರೆ 24ರ ರಾತ್ರಿಗೆ ಏನು ಉಳೀತು? ಬೇರೆ ದಿನಕ್ಕೂ ಆ ದಿನಕ್ಕೂ ವ್ಯತ್ಯಾಸ ಏನು? ಮನೇಲಿ ಗೋದಲಿ ಕಟ್ಟುವಾಗ ನಾವು ಏನು ಮಾಡ್ತಿದ್ದೆವು, ನೆನಪಿದೆಯಾ? ಹುಲ್ಲು, ಕುರಿ, ದನ, ಕುರುಬರು ಎಲ್ಲಾ ಮೊದಲೇ ಬಂದು ಕೂರ್ತಿದ್ದರು. ಮರಿಯಮ್ಮನೋರು, ಜೋಸೆಫರು ಕೂಡ. ಕೂಸು ಮಾತ್ರ ಬೀರುವಿನಲ್ಲಿ, ಹತ್ತಿಯಲ್ಲಿ ಸುತ್ತಿಟ್ಟಿರ್ತಿತ್ತು. ನಡುರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಕಿರಿಯ ಮಗು ತಂದು ಹುಲ್ಲಿನ ಮೇಲೆ ಮಲಗಿಸಬೇಕು.

ಅಳಿಯ: ನೀವು ಇಲ್ಲಿ ಜಗಲಿ ಮೇಲೆ ಕಟ್ಟಿದ್ದೀರಲ್ಲ ಗೋದಲಿ, ಅದಕ್ಕೆ ದೀಪ ಎಲ್ಲಿಂದ ಕೊಟ್ಟಿದ್ದೀರಿ?

ಮಾವ: ನಿನ್ನ ಐದು ವೋಲ್ಟಿನಿಂದ ಅಲ್ಲ. ಬೇರೆ ಪ್ಲಗ್ಗು, ಬೇರೆ ಸ್ವಿಚ್ಚು, ಒಂದೇ ಒಂದು ಹಳದಿ ಬಲ್ಬು. ರಾಗಿ ಕೂಡ ಇನ್ನೂ ಚೆಲ್ಲಿಲ್ಲ ನೋಡು. ತಟ್ಟೆಯಲ್ಲಿ ಹತ್ತು ದಿನಕ್ಕೆ ಪೈರು ಎದ್ದು ನಿಲ್ಲುತ್ತೆ, ಈಗಲೇ ಚೆಲ್ಲಿದರೆ ಹಬ್ಬದ ಹೊತ್ತಿಗೆ ಬಾಗಿ ಮಲಗುತ್ತೆ.

ಅಳಿಯ: ಹಾಗಾದರೆ ಮುಗೀತಲ್ಲ ಮಾವ. ನನ್ನ ಎರಡು ಸಾವಿರ ಇವತ್ತು ಹತ್ತಲಿ, ನಕ್ಷತ್ರ ಸೇರಿ. ನಿಮ್ಮ ಒಂದು ಬಲ್ಬು 24ರವರೆಗೆ ಕಾಯಲಿ.

ಮಾವ: ಮನೆಯೆಲ್ಲಾ ಝಗಝಗ, ಗೋದಲಿ ಮಾತ್ರ ಕತ್ತಲು. ಹ್ಞೂಂ. ಕೂಸಿನ ಜಾಗ ಕತ್ತಲಾಗಿದೆ ಅಂತ ಗೊತ್ತಾಗಬೇಕಾದರೆ ಸುತ್ತ ಬೆಳಕು ಬೇಕೇ ಬೇಕು. ಆಯ್ತು, ಒಪ್ಪಿದೆ. ಆದರೆ 24ರ ನಡುರಾತ್ರಿ ಅಂದರೆ ಯಾವ ಊರಿನದು? ಮೈಸೂರಿನಲ್ಲಿ ರಾತ್ರಿ ಹನ್ನೆರಡಾದಾಗ ಇಲ್ಲಿ ಎಷ್ಟು?

ಅಳಿಯ: 24ರ ಮಧ್ಯಾಹ್ನ ಒಂದೂವರೆ.

ಮಾವ: ಹಾಡು ಹಗಲು! ಬೇಡ, ಇಲ್ಲಿಯದೇ ಇರಲಿ. ಸರಿ, ಇವತ್ತಿನ ಸ್ವಿಚ್ ಒತ್ತೋದು ಯಾರು? ನನ್ನನ್ನ ಕರೀಬೇಡ. ಸರ್ವೀಸಿನಲ್ಲಿ ಇದ್ದಷ್ಟು ದಿನ ಕೆಲಸ ನಾವು ಮಾಡೋದು, ಗುಂಡಿ ಮಂತ್ರಿಗಳು ಒತ್ತೋದು. ಅವರು ಒತ್ತಿದಾಗ ಹತ್ತದಿದ್ದರೆ ಗತಿಯೇನು ಅಂತ ನಮ್ಮವನೊಬ್ಬ ಹಿಂದೆ ಮೈನ್ ಸ್ವಿಚ್ಚಿನ ಹತ್ತಿರ ಕೂತಿರ್ತಿದ್ದ. ಎಷ್ಟೋ ಸಲ ಹಚ್ಚಿದವನು ಅವನೇ.

ಅಳಿಯ: ಎದುರುಮನೆಯ ಹುಡುಗಿ ಒತ್ತಲಿ. ಆರು ವರ್ಷದವಳು, ಹಗಲೆಲ್ಲಾ ಕಿಟಕಿಯಲ್ಲೇ ನಿಂತು ನಾವು ಕಟ್ಟೋದನ್ನ ನೋಡ್ತಿದ್ದಳು. ಆದರೆ ನೀವೂ ಹಿಂದೆ ಮೈನ್ ಹತ್ತಿರ ಕೂತಿರಿ. ಹೊರಗಿನ ಪ್ಲಗ್ಗಿಗೆಲ್ಲಾ ಇಲ್ಲಿ ಐದು ಮಿಲಿ ಆಂಪಿಯರ್ ಸೋರಿದರೂ ಬೀಳೋ ಸ್ವಿಚ್ ಇರುತ್ತೆ, ಮಂಜಿನ ಹನಿಗೇ ಕೆಲವು ಸಲ ಬೀಳುತ್ತೆ.

ಮಾವ: ಐದೇ? ನಮ್ಮಲ್ಲಿ ಮನೆಗೆ ಹಾಕೋ ಇಎಲ್‌ಸಿಬಿ ಮೂವತ್ತು. ಒಳ್ಳೇದೇ ಬಿಡು, ಮಕ್ಕಳು ಮುಟ್ಟೋ ಜಾಗ. ಜಾಯಿಂಟುಗಳನ್ನ ನೆಲದಿಂದ ಎತ್ತಿ ಕಟ್ಟಿದ್ದೀಯಲ್ಲ? ತಂತಿ ಕೆಳಗಿಳಿದು ಮತ್ತೆ ಮೇಲೆ ಹತ್ತೋ ಹಾಗಿದ್ದರೆ ನೀರು ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಅಳಿಯ: ನೀವು ಹೇಳಿದ ಹಾಗೇ ಕಟ್ಟಿದ್ದೀನಿ. ಬನ್ನಿ, ಜನ ಬರ್ತಿದ್ದಾರೆ.

(ಐದೂವರೆ ದಾಟಿದೆ. ರಸ್ತೆಯಾಚೆ ಮಡಿಸೋ ಕುರ್ಚಿಗಳು, ಕೈಯಲ್ಲಿ ಬಿಸಿ ಕೋಕೋ ಲೋಟಗಳು, ಕಜ್ಜಾಯದ ತಟ್ಟೆ. ಹುಡುಗಿ ಎರಡು ಕೈಯಲ್ಲೂ ಗುಂಡಿ ಒತ್ತಿದ್ದಾಳೆ. ಮಾವ ಮೈನ್ ಬಿಟ್ಟು ರಸ್ತೆ ದಾಟಿ ಬಂದಿದ್ದಾರೆ.)

ಮಾವ: ಹತ್ತಿತು! ಲೋ, ಹತ್ತಿತು ಕಣೋ! ಆ ಸೂರಿನ ಗೆರೆ ನೋಡು, ಹಗಲು ಅಲ್ಲಿ ಬರೀ ತಂತಿ ಕಾಣ್ತಿತ್ತು. ಕೆಮ್ಮು ಬಂತಾ?

ಅಳಿಯ: ಇನ್ನೂ ಇಲ್ಲ, ಎರಡನೇ ಚರಣದಲ್ಲಿ. ನೋಡಿ, ಈಗ... ಈಗ!

ಮಾವ: ಕೆಂಪು! ನನ್ನ ಕೆಮ್ಮಿಗೆ ಇಷ್ಟು ಮರ್ಯಾದೆ ಯಾವ ಡಾಕ್ಟರೂ ಕೊಟ್ಟಿರಲಿಲ್ಲ. ಜನ ಚಪ್ಪಾಳೆ ತಟ್ತಿದ್ದಾರಲ್ಲೋ, ಪದ ಒಂದೂ ಗೊತ್ತಿಲ್ಲದ ಹಾಡಿಗೆ. ತಬಲದವನಿಗೆ ಈಗಲೇ ವೀಡಿಯೊ ಕಳಿಸು... ಬೇಡ, ಅಲ್ಲಿ ಬೆಳಗಿನ ಜಾವ, ಮಲಗಿರ್ತಾನೆ. ಒಂದು ನಿಮಿಷ. ನಕ್ಷತ್ರದ ಬಲಗಡೆ ಕೊನೆ ನೋಡು. ಮಿಕ್ಕದ್ದೆಲ್ಲಾ ಬಿಳಿ, ಅಲ್ಲೊಂದು ಹತ್ತು ದೀಪ ಕೆಂಪು ಕೆಂಪಗಿವೆ.

ಅಳಿಯ: ವೋಲ್ಟೇಜ್ ಇಳಿದಿದೆ. ಮೊದಲು ನೀಲಿ ಸೋಲುತ್ತೆ, ಆಮೇಲೆ ಹಸಿರು. ಕೆಂಪು ಕಡಿಮೆ ವೋಲ್ಟಿಗೂ ಉರಿಯುತ್ತೆ. ಪಕ್ಕದಿಂದ ಕೊಟ್ಟ ತಂತಿ ಸಡಿಲವಾಗಿರಬೇಕು. ಬೇರೆ ಯಾರಿಗೂ ಗೊತ್ತಾಗಲ್ಲ, ನಾಳೆ ನೋಡೋಣ.

ಮಾವ: ಸಡಿಲ ಜಾಯಿಂಟು ಬಿಸಿ ಆಗುತ್ತೆ, ನಾಳೆಯವರೆಗೆ ಬಿಡೋ ಮಾತಲ್ಲ. ಆ ಹುಡುಗಿ ನಿನ್ನ ಅಂಗಿ ಎಳೀತಿದ್ದಾಳೆ. ಏನಂತೆ?

ಅಳಿಯ: ಆ ಪುಟ್ಟ ಗುಡಿಸಲಿನ ದೀಪ ಕೆಟ್ಟುಹೋಗಿದೆಯಾ ಅಂತ ಕೇಳ್ತಿದ್ದಾಳೆ.

ಮಾವ: ನೋಡಿದೆಯಾ! ಎರಡು ಸಾವಿರ ಹತ್ತಿದರೂ ಹತ್ತದ ಒಂದು ಅವಳ ಕಣ್ಣಿಗೆ ಬಿತ್ತು. ಕೆಟ್ಟಿಲ್ಲ, 24ರ ರಾತ್ರಿ ಬಂದು ಅದನ್ನೂ ನೀನೇ ಹಚ್ಚಬೇಕು ಅಂತ ಹೇಳು.

ಅಳಿಯ: ನಡುರಾತ್ರಿಗೆ ಇವಳನ್ನ ಎಚ್ಚರ ಇಡೋಕೆ ಅವರಮ್ಮ ಒಪ್ಪಲ್ಲ ಮಾವ.

ಮಾವ: ಒಪ್ಪಲ್ಲವಾ? ರೋಮಿನಲ್ಲೇ 2009ರಲ್ಲಿ ಪೋಪ್ ಬೆನೆಡಿಕ್ಟರು ನಡುರಾತ್ರಿ ಪೂಜೆಯನ್ನ ಹತ್ತು ಗಂಟೆಗೆ ತಂದರು, ನಾವು ಯಾವ ಲೆಕ್ಕ. ಎಷ್ಟು ಗಂಟೆಗೆ ಮಲಗ್ತಾಳಂತೆ, ಕೇಳು.

ಅಳಿಯ: ಎಂಟೂವರೆಗೆ ಅಂತೆ.

ಮಾವ: ಹಾಗಾದರೆ ಎಂಟಕ್ಕೆ ಬರಲಿ. ಅತ್ತೆಗೆ ಹೇಳಿ ಇನ್ನೊಂದು ಕಜ್ಜಾಯ ಕೊಡಿಸು ಅವಳಿಗೆ. ನೀನು ಮೊದಲು ಪವರ್ ಆಫ್ ಮಾಡಿ ಏಣಿ ತಾ, ಆ ಜಾಯಿಂಟು ಬಿಗಿ ಮಾಡಿಬಿಡೋಣ.